ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿಯೋ, ಡಿಪ್ಲೊಮಾನೋ, ಐಟಿಐಯೋ?

ಫಲಿತಾಂಶ ಬಂದ ಮರುದಿನದಿಂದ ನಮ್ಮ ಮನೆಯ ಜಗಲಿ ಖಾಲಿ ಇರುವುದಿಲ್ಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅಂಕಪಟ್ಟಿಯ ಪ್ರಿಂಟ್ ಹಿಡಿದುಕೊಂಡು ಅಪ್ಪ-ಅಮ್ಮಂದಿರು ಬರುತ್ತಾರೆ. ಹಿಂದೆ ಮಗನೋ ಮಗಳೋ ತಲೆ ತಗ್ಗಿಸಿ ನಿಂತಿರುತ್ತಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮೇಡಂ, ಇಷ್ಟು ಮಾರ್ಕ್ಸಿಗೆ ಇವನನ್ನ ಯಾವುದಕ್ಕೆ ಸೇರಿಸಬಹುದು?"

ನಮ್ಮ ಕಡೆ ಇದಕ್ಕೆ ಸಿದ್ಧ ಉತ್ತರ ಇದೆ. ಎಂಬತ್ತೈದು ದಾಟಿದರೆ ಸೈನ್ಸ್. ಅರವತ್ತು-ಎಪ್ಪತ್ತಾದರೆ ಕಾಮರ್ಸ್. ಅದಕ್ಕೂ ಕಮ್ಮಿಯಾದರೆ ಆರ್ಟ್ಸ್. ಎಲ್ಲೂ ಆಗದವರಿಗೆ ಐಟಿಐ. ಈ ಏಣಿಯನ್ನು ಯಾವ ಇಲಾಖೆಯೂ ಮಾಡಿದ್ದಲ್ಲ, ಊರ ಮಾತಿನಲ್ಲಿ ತಾನಾಗಿ ಬೆಳೆದದ್ದು. ಇದನ್ನು ನಂಬಿ ತಮಗೆ ಒಗ್ಗದ ಕಡೆ ಸೇರಿ, ಎರಡು ವರ್ಷ ಒದ್ದಾಡಿ, ಕೊನೆಗೆ "ನನ್ನ ಕೈಲಿ ಓದೋಕಾಗಲ್ಲ" ಅಂತ ತಮ್ಮನ್ನೇ ಬೈದುಕೊಂಡ ಮಕ್ಕಳನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಕ ನೋಡುವ ಮೊದಲು ಎರಡು ವಿಷಯ ನೋಡಿ. ಈ ಮಗು ಹೇಗೆ ಕಲಿಯುತ್ತದೆ? ಈಗ ಸೇರುವ ಕೋರ್ಸಿನಿಂದ ಮುಂದೆ ಎಲ್ಲೆಲ್ಲಿಗೆ ದಾರಿ ಇದೆ?

ಮೊದಲು ವರ್ಷಗಳ ಲೆಕ್ಕ

ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದಾಗ ಎಷ್ಟೋ ಪೋಷಕರು ಅಚ್ಚರಿಪಡುತ್ತಾರೆ. ಪಿಯುಸಿ ಸೈನ್ಸ್ 2 ವರ್ಷ, ಆಮೇಲೆ ಇಂಜಿನಿಯರಿಂಗ್ 4 ವರ್ಷ. ಒಟ್ಟು 6. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಿದರೆ ಇನ್ನು 3. ಅದೂ ಒಟ್ಟು 6.

ಅಂದರೆ ಇಂಜಿನಿಯರ್ ಆಗಬೇಕು ಅನ್ನುವ ಮಗುವಿಗೆ ಡಿಪ್ಲೊಮಾ ಸುತ್ತುದಾರಿ ಅಲ್ಲವೇ ಅಲ್ಲ. ಮೂರನೇ ವರ್ಷಕ್ಕೆ ಕೈಯಲ್ಲಿ ಕೆಲಸ ಕೊಡುವ ಒಂದು ಸರ್ಟಿಫಿಕೇಟು ಇರುತ್ತದೆ. ಮನೆಯಲ್ಲಿ ಕಷ್ಟ ಬಂದರೆ ಅಲ್ಲಿಗೇ ನಿಲ್ಲಿಸಿ ದುಡಿಯಬಹುದು. ಪಿಯುಸಿ ಮುಗಿಸಿ ನಿಂತವರಿಗೆ ಆ ಅನುಕೂಲ ಅಷ್ಟಾಗಿ ಇಲ್ಲ.

ಇನ್ನು ಐಟಿಐ. ಫಿಟ್ಟರ್, ಎಲೆಕ್ಟ್ರಿಷಿಯನ್ ತರಹದ ಟ್ರೇಡುಗಳು 2 ವರ್ಷ. ಅದಾದಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶ ಇದೆ. ಆಮೇಲೆ ಬೇಕಿದ್ದರೆ ಡಿಸಿಇಟಿ. ಹೀಗೆ ಹೋದರೆ 2, 2, 3, ಒಟ್ಟು 7 ವರ್ಷ. ಒಂದೇ ಒಂದು ವರ್ಷ ಜಾಸ್ತಿ. ಐಟಿಐ ಅಂದರೆ ಅಲ್ಲಿಗೆ ಓದು ಮುಗಿಯಿತು ಅಂತ ಅಳುವ ಅಮ್ಮಂದಿರಿಗೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ.

ಪಿಯುಸಿ ಸೈನ್ಸ್ ಯಾರಿಗೆ?

ಕೆಲವು ಬಾಗಿಲುಗಳು ಇಲ್ಲಿಂದ ಮಾತ್ರ ತೆರೆಯುತ್ತವೆ. ಡಾಕ್ಟರ್ ಆಗಬೇಕು, ಬಿಎಸ್ಸಿ ನರ್ಸಿಂಗ್ ಅಥವಾ ಬಿಎಸ್ಸಿ ಕೃಷಿ ಮಾಡಬೇಕು ಅನ್ನುವ ಮಗು ಎರಡು ಮಾತಿಲ್ಲದೆ ಜೀವಶಾಸ್ತ್ರ ಇರುವ ಸೈನ್ಸ್ ತಗೋಬೇಕು. ಕೃಷಿ ಪದವಿಗೆ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಹಳ್ಳಿಯವರು ಇದನ್ನು ಮರೆಯಬೇಡಿ. ಡಿಪ್ಲೊಮಾಕ್ಕೆ ಸೇರಿದಮೇಲೆ "ನಾನು ನೀಟ್ ಬರೀತೀನಿ" ಅಂದರೆ ಆಗುವುದಿಲ್ಲ. ಇಂಜಿನಿಯರಿಂಗೋ ಮೆಡಿಕಲ್ಲೋ ಇನ್ನೂ ಗೊತ್ತಿಲ್ಲ ಅನ್ನುವವರಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಜೀವಶಾಸ್ತ್ರ) ಎರಡೂ ದಾರಿ ಉಳಿಸಿಕೊಡುತ್ತದೆ. ಹೊರೆ ಜಾಸ್ತಿ, ಆದರೆ ಓದಿನಲ್ಲಿ ರುಚಿ ಇರುವ ಮಗುವಿಗೆ ಅದು ಭಾರ ಅನ್ನಿಸುವುದಿಲ್ಲ.

ಯಾವ ಮಗುವಿಗೆ ಇದು ಒಗ್ಗುತ್ತದೆ? ಒಂದು ಲೆಕ್ಕ ಬರದಿದ್ದರೆ ಉತ್ತರ ನೋಡದೆ ಮುಕ್ಕಾಲು ಗಂಟೆ ಅದರ ಜೊತೆ ಕೂರುವ ಮಗುವಿಗೆ. ಎಂಬತ್ತು ಬಂದಿದ್ದರೂ ಪರವಾಗಿಲ್ಲ. ತೊಂಬತ್ತೈದು ತೆಗೆದು, ಅದಷ್ಟನ್ನೂ ಬಾಯಿಪಾಠದಿಂದ ತೆಗೆದ ಮಗು ಪ್ರಥಮ ಪಿಯುಸಿಯ ಫಿಸಿಕ್ಸಿನಲ್ಲಿ ತತ್ತರಿಸುವುದನ್ನು ನೋಡಿದ್ದೇನೆ.

ನನ್ನದೇ ವಿದ್ಯಾರ್ಥಿ ಒಬ್ಬನ ಕಥೆ ಹೇಳಬೇಕು. ಕನ್ನಡ ಮಾಧ್ಯಮದ ಹುಡುಗ, ಗಣಿತದಲ್ಲಿ 97. ಅಪ್ಪ ಸಾಲ ಮಾಡಿ ದೂರದ ಒಂದು ಕೋಚಿಂಗ್ ಕಾಲೇಜಿನ ಹಾಸ್ಟೆಲಿಗೆ ಸೇರಿಸಿದರು. ಬೆಳಿಗ್ಗೆ ನಾಲ್ಕೂವರೆಗೆ ಗಂಟೆ. ವಾರಕ್ಕೊಂದು ಟೆಸ್ಟ್. ಟೆಸ್ಟಿನ ರ‍್ಯಾಂಕ್ ಗೋಡೆಗೆ. ದಸರಾ ರಜಕ್ಕೆ ಬಂದಾಗ ಗುರುತೇ ಸಿಗದಷ್ಟು ಇಳಿದುಹೋಗಿದ್ದ. ನೋಟ್‌ಬುಕ್ ತೆಗೆಸಿ ನೋಡಿದೆ. "ಕ್ವಾಡ್ರಾಟಿಕ್ ಈಕ್ವೇಶನ್ ಅರ್ಥ ಆಗಲ್ಲ ಮಿಸ್" ಅಂದ. ನನಗೆ ಎದೆ ಝಲ್ ಅಂದಿತು. ಅದು ವರ್ಗಸಮೀಕರಣ. ನನ್ನ ತರಗತಿಯಲ್ಲಿ ಹಲಗೆಯ ಮುಂದೆ ನಿಂತು ಇತರರಿಗೆ ಹೇಳಿಕೊಡುತ್ತಿದ್ದವನು ಅವನೇ. ವೇಗೋತ್ಕರ್ಷ ಗೊತ್ತು, ಆಕ್ಸಿಲರೇಶನ್ ಗೊತ್ತಿಲ್ಲ. ಸಮಾಂತರ ಶ್ರೇಢಿ ಗೊತ್ತು, ಅರಿತ್‌ಮೆಟಿಕ್ ಪ್ರೊಗ್ರೆಶನ್ ಹೊಸದು. ನಾಲ್ಕು ತಿಂಗಳು ಆ ಹುಡುಗ ಗೊತ್ತಿರುವುದನ್ನೇ ಗೊತ್ತಿಲ್ಲ ಅಂದುಕೊಂಡು ಕುಗ್ಗಿಹೋಗಿದ್ದ. ಅದನ್ನು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಆ ವರ್ಷದಿಂದ ನಾನು ಹತ್ತನೇ ತರಗತಿಯವರಿಗೆ ಬೇಸಿಗೆ ರಜೆಯಲ್ಲಿ ಒಂದು ಕೆಲಸ ಹಚ್ಚುತ್ತೇನೆ. ನೂರು ಪುಟದ ನೋಟ್‌ಬುಕ್ಕು, ಪುಟದ ಮಧ್ಯೆ ಒಂದು ಗೆರೆ. ಎಡಗಡೆ ಕನ್ನಡ ಪಠ್ಯಪುಸ್ತಕದ ಪದ, ಬಲಗಡೆ ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿಯಲ್ಲಿರುವ ಪದ. ದಿನಕ್ಕೆ ಹತ್ತು ಬರೆದರೆ ಕಾಲೇಜು ಶುರುವಾಗುವ ಹೊತ್ತಿಗೆ ಮುನ್ನೂರು ಪದ ಆಗುತ್ತವೆ. ಖರ್ಚು ಒಂದು ನೋಟ್‌ಬುಕ್ಕಿನದು. ಡಿಪ್ಲೊಮಾಕ್ಕೆ ಹೋಗುವವರೂ ಇದನ್ನು ಬಿಡಬಾರದು.

ಕೋಚಿಂಗ್ ಬೇಕೇ ಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಸಾಲ ಮಾಡಿ ಬೇಡ. ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಅಂಕ ಅರ್ಧ. ಕಾಲೇಜಿನ ಪಾಠ ಬಿಟ್ಟು ಕೋಚಿಂಗಿಗೆ ಓಡುವವರು ಆ ಅರ್ಧವನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆ. ಸಿಇಟಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ನೀಟ್ ಕೂಡ ಕನ್ನಡದಲ್ಲಿ ಬರೆಯಬಹುದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371-ಜೆ ವಿಧಿಯ ಅಡಿ ಬೇರೆಯೇ ಮೀಸಲಾತಿ ಇದೆ.

ಡಿಪ್ಲೊಮಾ

ನನ್ನ ಪ್ರಕಾರ ನಮ್ಮ ಪೋಷಕರು ಅತಿ ಕಡಿಮೆ ಯೋಚಿಸುವ, ಆದರೆ ಅತಿ ಹೆಚ್ಚು ಯೋಚಿಸಬೇಕಾದ ದಾರಿ ಇದು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ವರ್ಷದ ಶುಲ್ಕ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಆರು ಸೆಮಿಸ್ಟರ್. ಮೊದಲ ದಿನದಿಂದಲೇ ವರ್ಕ್‌ಶಾಪು, ಲ್ಯಾಬು, ಡ್ರಾಯಿಂಗ್ ಶುರು.

ಮುರಿದ ಸೈಕಲ್ಲಿನ ಮುಂದೆ ಕೂತು "ಇದು ಯಾಕೆ ಹೀಗೆ?" ಅಂತ ಕೇಳುವ ಮಗು, ಪುಸ್ತಕವನ್ನೂ ತಕ್ಕಮಟ್ಟಿಗೆ ಓದಬಲ್ಲ ಮಗು, ಇಲ್ಲಿ ಅರಳುತ್ತದೆ. ಮುಗಿಸಿದವರಿಗೆ ಲೋಕೋಪಯೋಗಿ, ನೀರಾವರಿ, ವಿದ್ಯುತ್ ಇಲಾಖೆಗಳ ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ. ಪೀಣ್ಯ, ಬಿಡದಿ, ನರಸಾಪುರದ ಕಾರ್ಖಾನೆಗಳಿಗೆ ಡಿಪ್ಲೊಮಾ ಹುಡುಗ ಹುಡುಗಿಯರು ಯಾವಾಗಲೂ ಬೇಕು.

ಆದರೆ ಒಂದು ಗುಂಡಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷದ ಗಣಿತ. ಎಷ್ಟೋ ಮಕ್ಕಳ ಪೇಪರ್ ಉಳಿಯುವುದು ಅಲ್ಲೇ. ಡಿಪ್ಲೊಮಾ ಅಂದರೆ ಬರೀ ಸ್ಪ್ಯಾನರ್ ಹಿಡಿಯುವುದು ಅಂದುಕೊಂಡು ಬಂದವರಿಗೆ ಮ್ಯಾಟ್ರಿಕ್ಸು, ತ್ರಿಕೋನಮಿತಿ ಎದುರಾದಾಗ ಕಾಲು ನಡುಗುತ್ತದೆ. ಹತ್ತನೇ ತರಗತಿಯ ಬೀಜಗಣಿತವನ್ನು ರಜೆಯಲ್ಲಿ ಇನ್ನೊಂದು ಸಲ ಮಾಡಿಸಿ ಕಳಿಸಿ. ಗಣಿತ ಕಂಡರೆ ನಿಜಕ್ಕೂ ಆಗದ, ಕೈಕೆಲಸದಲ್ಲಿ ಮಾತ್ರ ಚುರುಕಾದ ಮಗುವಾದರೆ ಮೊದಲು ಐಟಿಐ ಮಾಡಿಸಿ, ಆಮೇಲೆ ಡಿಪ್ಲೊಮಾಕ್ಕೆ ಬರಲಿ. ಆಗ ಆ ಗಣಿತ ಯಾವ ಕೆಲಸಕ್ಕೆ ಅಂತ ಅವನಿಗೇ ಗೊತ್ತಿರುತ್ತದೆ.

ಯಾವ ಬ್ರಾಂಚು? ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೇ ಸಾಲು ನಿಲ್ಲುತ್ತಾರೆ. ಮಗುವಿಗೆ ಆಸಕ್ತಿ ಇದ್ದರೆ ಸರಿ. ಆದರೆ ಸಣ್ಣಪುಟ್ಟ ಕೋಡ್ ಬರೆಯುವ ಕೆಲಸವನ್ನು ಈಗ ಎಐ ಮಾಡಿಕೊಡುತ್ತಿದೆ. ನಾಲ್ಕು ಪ್ರೋಗ್ರಾಂ ಬಾಯಿಪಾಠ ಮಾಡಿ ಪಾಸಾದವರಿಗೆ ದಿನ ಕಷ್ಟ ಇದೆ, ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಹೇಳಬಲ್ಲವರಿಗೆ ಕೆಲಸ ಇರುತ್ತದೆ. ಅತ್ತ ಎಲೆಕ್ಟ್ರಿಕಲ್ ಬ್ರಾಂಚನ್ನು ಯಾರೂ ಕೇಳುವುದಿಲ್ಲ. ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ, ರಸ್ತೆ ತುಂಬಾ ಎಲೆಕ್ಟ್ರಿಕ್ ಸ್ಕೂಟರ್ ಓಡಾಡುತ್ತಿವೆ. ಇದೆಲ್ಲ ನೋಡಿದಮೇಲೂ ಎಲೆಕ್ಟ್ರಿಕಲ್ ಬೇಡ ಅನ್ನುವವರನ್ನು ನಾನು ಕೂರಿಸಿ ಇನ್ನರ್ಧ ಗಂಟೆ ಮಾತಾಡುತ್ತೇನೆ.

ಪಾಲಿಟೆಕ್ನಿಕ್ ಬಿಟ್ಟು ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ: ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಈಗ ಮೈಸೂರು, ಮಂಗಳೂರು, ಬೆಳಗಾವಿ, ಹಾಸನ, ಕಲಬುರಗಿ ಸೇರಿ ಹಲವು ಕಡೆ ಇದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಡೈ ಅಂದರೆ ಅಚ್ಚು. ನಿಮ್ಮ ಮನೆಯ ನೀರಿನ ಬಾಟಲಿಯ ಮುಚ್ಚಳದಿಂದ ಹಿಡಿದು ಕಾರಿನ ಬಾಗಿಲವರೆಗೆ ಎಲ್ಲಕ್ಕೂ ಯಾರೋ ಒಬ್ಬರು ಕೂದಲೆಳೆಯಷ್ಟು ನಿಖರವಾಗಿ ಅಚ್ಚು ಮಾಡಿರುತ್ತಾರೆ. ಕಷ್ಟದ ಕೋರ್ಸು, ಶಿಸ್ತು ಬಿಗಿ. ತಾಳ್ಮೆ ಇರುವ ಮಗುವಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ನಡೆಸುತ್ತಿರುವ ಮೂರು ವರ್ಷದ ವಸತಿ ತರಬೇತಿಯೂ ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳಿಗೆಂದೇ ಇದೆ.

ಹೆಣ್ಣುಮಕ್ಕಳ ಅಪ್ಪಂದಿರು "ದೂರ ಆಗುತ್ತೆ ಮೇಡಂ" ಅನ್ನುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮೂವತ್ತು ಕಿಲೋಮೀಟರ್ ದೂರದ ಪಾಲಿಟೆಕ್ನಿಕ್‌ಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು ದಿನಾ ಹೋಗಿಬರುತ್ತಿದ್ದಾರೆ. ಮೊದಲು ಬೇಡ ಅಂದ ಅಪ್ಪನೇ ಈಗ ಬೆಳಿಗ್ಗೆ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತಾರೆ.

ಐಟಿಐ

ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ನೀರಿನ ಮೋಟಾರು ಕೆಟ್ಟಿತ್ತು. ಒಬ್ಬ ಹುಡುಗ ಹತ್ತಿರ ಹೋಗಿ ಕಿವಿಗೊಟ್ಟ. "ಮಿಸ್, ಗುಂಯ್ ಅಂತಿದೆ, ತಿರುಗ್ತಿಲ್ಲ. ಕಂಡೆನ್ಸರ್ ಹೋಗಿದೆ" ಅಂದ. ಮೆಕ್ಯಾನಿಕ್ ಬಂದು ನೋಡಿ ಅದನ್ನೇ ಬದಲಿಸಿದರು. ಆ ಹುಡುಗನಿಗೆ ನನ್ನ ಗಣಿತದಲ್ಲಿ 41. ಫಲಿತಾಂಶದ ದಿನ ಅವನ ಅಮ್ಮ ಜಗಲಿಯಲ್ಲಿ ಕೂತು ಅತ್ತರು.

"ಐಟಿಐ ಅಂದ್ರೆ ನಮ್ಮ ಓರಗಿತ್ತಿ ಮುಂದೆ ನಾನು ಹೆಂಗೆ ತಲೆ ಎತ್ಲಿ ಮೇಡಂ?"

"ಅಮ್ಮಾ, ಆ ಮೋಟಾರು ಮುಟ್ಟದೇ ಕಾಯಿಲೆ ಹೇಳಿದ್ದು ನಿಮ್ಮ ಮಗ. ನನಗೂ ಗೊತ್ತಾಗಿರಲಿಲ್ಲ, ಹೆಡ್‌ಮಾಸ್ಟರಿಗೂ ಗೊತ್ತಾಗಿರಲಿಲ್ಲ" ಅಂದೆ.

ಅವನು ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ. ಅವನ ಜೊತೆ ಒಂದು ದಿನ ನಾನೂ ಐಟಿಐಗೆ ಹೋಗಿದ್ದೆ. ಪಕ್ಕದ ಫಿಟ್ಟರ್ ವಿಭಾಗದಲ್ಲಿ ಹೊಸಬರು ವೈಸಿಗೆ ಸಿಕ್ಕಿಸಿದ ಕಬ್ಬಿಣದ ತುಂಡನ್ನು ಅರದಿಂದ ಉಜ್ಜುತ್ತಿದ್ದರು. ಉಜ್ಜುವುದು, ಮೂಲೆಮಟ್ಟ ಇಡುವುದು, ಬೆಳಕಿಗೆ ಹಿಡಿದು ನೋಡುವುದು. ತುಂಡಿಗೂ ಮಟ್ಟಕ್ಕೂ ನಡುವೆ ಬೆಳಕು ಕಂಡರೆ ಇನ್ನೂ ಸಮ ಆಗಿಲ್ಲ. ಮತ್ತೆ ಉಜ್ಜು. ಒಬ್ಬ ಹುಡುಗ ಆ ಒಂದು ಮೂಲೆಗೆ ಮೂರು ದಿನ ಕೊಟ್ಟಿದ್ದನಂತೆ. ಅಂಗೈಯಲ್ಲಿ ಗುಳ್ಳೆ. ನಾನು ಹೋದ ದಿನ ಬೆಳಕು ನಿಂತಿತ್ತು. ಅವನು ಅದನ್ನು ನನಗೆ ತೋರಿಸಿದಾಗ ಅವನ ಮುಖದಲ್ಲಿ ಕಂಡದ್ದನ್ನು ನಾನು ತರಗತಿಯಲ್ಲಿ ಅಪರೂಪಕ್ಕೆ ಕಾಣುತ್ತೇನೆ. ತನ್ನ ತಪ್ಪನ್ನು ತಾನೇ ಕಂಡು, ತಾನೇ ತಿದ್ದಿಕೊಂಡಿದ್ದ.

ನಾಳೆ ಆ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಮಾಡುತ್ತದೆ, ಈಗಲೇ ಮಾಡುತ್ತಿದೆ. ಆದರೆ ಯಂತ್ರದಿಂದ ಬಂದ ತುಂಡು ಸರಿ ಇಲ್ಲ ಅಂತ ಬೆರಳಲ್ಲಿ ಸವರಿ ಹೇಳಲು ಆ ಗುಳ್ಳೆಗಳು ಬೇಕು. ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಲಾಗಿದೆ. ಅಂಥ ಕಡೆ ಸಿಎನ್‌ಸಿ, ರೋಬೊ, ಎಲೆಕ್ಟ್ರಿಕ್ ವಾಹನ ಎಲ್ಲವನ್ನೂ ಮುಟ್ಟಿ ಕಲಿಯಬಹುದು. ನಿಮ್ಮ ಹತ್ತಿರದ ಐಟಿಐ ಆ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ.

ಟ್ರೇಡ್ ಆರಿಸುವಾಗ ಅವಧಿ ನೋಡಿ. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್) ಒಂದು ವರ್ಷ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷ. ಮುಂದೆ ಓದುವ ಆಸೆ ಒಂಚೂರಾದರೂ ಇದ್ದರೆ ಎರಡು ವರ್ಷದ್ದೇ ಒಳ್ಳೆಯದು. ಕೇಂದ್ರ ಸರ್ಕಾರದ ಮಾನ್ಯತೆ (ಮೊದಲು ಎನ್‌ಸಿವಿಟಿ, ಈಗ ಎನ್‌ಸಿವಿಇಟಿ) ಇಲ್ಲದ ಖಾಸಗಿ ಐಟಿಐಗೆ ಎಷ್ಟೇ ಒಳ್ಳೆ ಕಟ್ಟಡ ಇದ್ದರೂ ಸೇರಿಸಬೇಡಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಇದ್ದರೆ ಅರ್ಜಿ ಹಾಕಬಹುದು. ಐಟಿಐ ಮುಗಿದ ಕೂಡಲೇ ಅಪ್ರೆಂಟಿಸ್‌ಶಿಪ್ ಮಾಡಿಸಲೇಬೇಕು ಅನ್ನುವುದು ನನ್ನ ಹಟ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಕಡೆ ಒಂದು ವರ್ಷ ಕಳೆದು ಬಂದ ಹುಡುಗನ ನಡಿಗೆಯೇ ಬೇರೆ.

ನಮ್ಮ ಮೋಟಾರಿನ ಹುಡುಗ ಈಗ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಗಣಿತಕ್ಕೆ ಭಾನುವಾರ ನನ್ನ ಹತ್ತಿರವೇ ಬರುತ್ತಾನೆ. ಇನ್ನೂ ಕಷ್ಟಪಡುತ್ತಾನೆ, ಆದರೆ ಬಿಟ್ಟು ಓಡುವುದಿಲ್ಲ.

ಕಾಮರ್ಸ್, ಆರ್ಟ್ಸ್

ಕಾಮರ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಡಿ ಲೆಕ್ಕ, ವ್ಯವಹಾರ ಕಂಡರೆ ಕಣ್ಣು ಅರಳುವ ಮಗುವಿಗೆ ಒಳ್ಳೆಯದು. ಪಿಯುಸಿ ಆದಮೇಲೆ ನಾಲ್ಕು ಪೇಪರಿನ ಸಿಎ ಫೌಂಡೇಶನ್ ಬರೆಯಬಹುದು. ಒಂದೇ ಮಾತು: ಸುಲಭ ಅಂತ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಮೂರನ್ನೂ ಬಿಟ್ಟ ಕಾಂಬಿನೇಶನ್ ತಗೋಬೇಡಿ. ಲೆಕ್ಕ ಬರೆದಿಡುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ, ಆ ಲೆಕ್ಕ ಏನು ಹೇಳುತ್ತಿದೆ ಅಂತ ಓದುವವರು ಬೇಕು.

ಆರ್ಟ್ಸ್ ಬಗ್ಗೆ ಮಾತ್ರ ನನಗೆ ಸಂಕಟ ಇದೆ. "ಏನೂ ಸಿಗದವರಿಗೆ ಆರ್ಟ್ಸ್" ಅಂತ ಹೇಳಿ ಹೇಳಿ ಆ ತರಗತಿಗೆ ಹೋಗುವ ಮಕ್ಕಳು ಮೊದಲ ದಿನವೇ ಸೋತವರ ಹಾಗೆ ಕೂರುತ್ತಾರೆ. ಯಾವುದೇ ಪಿಯುಸಿ ಆದಮೇಲೆ ಐದು ವರ್ಷದ ಕಾನೂನು ಪದವಿ ಇದೆ. ಎರಡು ವರ್ಷದ ಡಿ.ಇಎಲ್.ಇಡಿ ಮಾಡಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗುವ ದಾರಿ ಇದೆ. ಗ್ರಾಮ ಆಡಳಿತ ಅಧಿಕಾರಿ, ದ್ವಿತೀಯ ದರ್ಜೆ ಸಹಾಯಕ, ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಪಿಯುಸಿ ಸಾಕು. ಕೆಎಎಸ್‌ಗೆ ಯಾವ ಪದವಿಯಾದರೂ ಆಗುತ್ತದೆ. ಪೇಪರ್ ಓದುವ, ಊರ ಜಗಳದಲ್ಲಿ ಎರಡೂ ಕಡೆಯ ಮಾತು ಕೇಳುವ, ಚೆನ್ನಾಗಿ ಬರೆಯುವ ಮಗುವನ್ನು ತೊಂಬತ್ತು ಬಂತು ಅನ್ನೋ ಒಂದೇ ಕಾರಣಕ್ಕೆ ಕೆಮಿಸ್ಟ್ರಿ ಲ್ಯಾಬಿಗೆ ತಳ್ಳಬೇಡಿ.

ಸೇರಿಸುವ ಮೊದಲು

ಜಾಹೀರಾತು, ಫ್ಲೆಕ್ಸು ನೋಡಿ ತೀರ್ಮಾನ ಮಾಡಬೇಡಿ. ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ ಮಗುವನ್ನು ಕರೆದುಕೊಂಡು ಹೋಗಿ. ಲ್ಯಾಬಿನ ಬೀಗ ತೆಗೆದಿದೆಯಾ ನೋಡಿ. ಯಂತ್ರದ ಮೇಲೆ ಧೂಳಿದೆಯಾ, ಎಣ್ಣೆ ಇದೆಯಾ? ಎಣ್ಣೆ ಇದ್ದರೆ ಯಾರೋ ಉಪಯೋಗಿಸುತ್ತಿದ್ದಾರೆ. ಪ್ರಿನ್ಸಿಪಾಲರ ಜೊತೆ ಮಾತಾಡಿದಮೇಲೆ ಹೊರಗೆ ಟೀ ಅಂಗಡಿಯಲ್ಲಿ ನಿಂತಿರುವ ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. "ಮೇಷ್ಟ್ರು ದಿನಾ ಬರ್ತಾರಾ? ಹೋದ ವರ್ಷದವರು ಈಗ ಎಲ್ಲಿದ್ದಾರೆ?" ಇಷ್ಟು ಕೇಳಿದರೆ ಸಾಕು.

ಮನೆಗೆ ಬಂದು ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಅಲ್ಲಿ ಮೂರು ವರ್ಷ ಇರಬೇಕಾದವರು ಅವರೇ ಅಲ್ವಾ? "ಫ್ರೆಂಡ್ ಸೇರ್ತಿದ್ದಾನೆ" ಅನ್ನುವುದು ಬಿಟ್ಟು ಬೇರೆ ಒಂದು ಕಾರಣ ಮಗುವಿನ ಬಾಯಲ್ಲಿ ಬರುವವರೆಗೆ ಕಾಯಿರಿ.

ಕಾಗದಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಶಾಲೆಯಿಂದ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪತ್ರ, ಫಲಿತಾಂಶ ಬಂದಮೇಲೆ ಟಿಸಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರಕ್ಕೆ ಮುಖ್ಯಶಿಕ್ಷಕರ ಸಹಿ ಆದಮೇಲೆ ಬಿಇಒ ಕಚೇರಿಯ ಸಹಿಯೂ ಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ, ಅದಕ್ಕೆ ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಪ್ರಾಥಮಿಕ ಶಾಲೆ ಒಂದು ಊರು, ಪ್ರೌಢಶಾಲೆ ಇನ್ನೊಂದು ಊರು ಆಗಿದ್ದರೆ ಎರಡೂ ಕಡೆಯಿಂದ ಪತ್ರ ತರಬೇಕು. ಜೂನ್‌ನಲ್ಲಿ ಬಿಇಒ ಕಚೇರಿಯ ಸಾಲು ಗೇಟಿನ ಹೊರಗೆ ಬರುತ್ತದೆ. ಏಪ್ರಿಲ್‌ನಲ್ಲೇ ಹೋಗಿಬನ್ನಿ.